ಆತುರಗಾರ ಎಂದದ್ದಕ್ಕೆ

ಪ್ರಿಯ ಓದುಗರೇ,

ನಿಮ್ಮ ಆರು ಪುಟದ ಕಾಗದ ಕೈಸೇರಿತು. ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೇ ಸಲ ನಾಚಿಕೆಯಾಯಿತು. ಉತ್ತರ ತಡವಾದದ್ದು ಅದಕ್ಕೇ.

ಉಳಿದ ಓದುಗರಿಗೂ ವಿಷಯ ತಿಳಿಯಲಿ. ಹೋದ ಸಂಚಿಕೆಯಲ್ಲಿ ಕೊರೋನಾ ದಿನಗಳನ್ನು ನೆನೆಯುತ್ತಾ ನಾನೊಂದು ಮಾತು ಬರೆದಿದ್ದೆ. ನಿರ್ಬಂಧ ತೆಗೆಯಿರಿ ಎಂದು ಕೂಗಿದವರು ಆತುರಗಾರರು, ತಮ್ಮದೊಂದನ್ನೇ ನೋಡಿಕೊಂಡವರು ಅಂತ. ಈ ಪತ್ರ ಬರೆದವರು ಸಲೂನ್ ನಡೆಸುವವರು. ಅವರ ಪ್ರಶ್ನೆ ನೇರವಾಗಿದೆ: "ಮುಚ್ಚಿ ಅಂದ್ರು, ಮುಚ್ಚಿದೆ. ಯಾವಾಗ ತೆಗೀಬೇಕು ಅಂತ ಕೇಳಿದ್ದಕ್ಕೆ ನಾನು ಸ್ವಾರ್ಥಿನಾ? ನಿಮ್ಮ ಪತ್ರಿಕೆ ಒಂದು ತಿಂಗಳಾದರೂ ನಿಂತಿತ್ತಾ?"

ನಿಂತಿರಲಿಲ್ಲ. ನಾವೆಲ್ಲ ಮನೆಯಿಂದಲೇ ಕೆಲಸ ಮಾಡಿದೆವು. ನನ್ನ ಸಂಬಳ ಒಂದು ತಿಂಗಳೂ ತಪ್ಪಲಿಲ್ಲ. 'ಇನ್ನೂ ಸ್ವಲ್ಪ ದಿನ ತಾಳಿ' ಎಂದು ಬರೆಯುವುದು ನನಗೆ ಬಹಳ ಸುಲಭವಿತ್ತು. ತಾಳಬೇಕಾದವರು ಬೇರೆಯವರಾಗಿದ್ದರಲ್ಲ.

ನಿಮ್ಮ ಪತ್ರದ ಮೂರನೇ ಪುಟ ಮನಸ್ಸಿನಿಂದ ಹೋಗುತ್ತಿಲ್ಲ. ಮುಚ್ಚಿದ್ದಷ್ಟೂ ದಿನ ಬೆಳಿಗ್ಗೆ ಒಂಬತ್ತಕ್ಕೆ ನೀವು ಅಂಗಡಿಗೆ ಹೋಗುತ್ತಿದ್ದಿರಿ. ಅರ್ಧ ಶಟರ್ ಎತ್ತಿ ಒಳಗೆ ನುಸುಳುತ್ತಿದ್ದಿರಿ. ಯಾರೂ ಮುಖ ನೋಡಿಕೊಳ್ಳದ ಕನ್ನಡಿ ಒರೆಸುತ್ತಿದ್ದಿರಿ. ಕತ್ತರಿಗೆ ಒಂದು ಹನಿ ಎಣ್ಣೆ ಬಿಟ್ಟು, ತುಕ್ಕು ಹಿಡಿಯದಿರಲಿ ಎಂದು ಗಾಳಿಯಲ್ಲೇ ಕಚಕಚ ಆಡಿಸಿ, ಮತ್ತೆ ಡಬ್ಬಿಗೆ ಹಾಕುತ್ತಿದ್ದಿರಿ. ಮೂರು ಕುರ್ಚಿಗೂ ಬಿಳಿ ಬಟ್ಟೆ ಹೊದಿಸಿದ್ದಿರಂತೆ. "ಮೂರು ಹೆಣ ಕೂತಂಗೆ ಕಾಣ್ತಿತ್ತು" ಎಂದು ಬರೆದಿದ್ದೀರಿ. ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ, ಯಾವಾಗ ತೆಗೀತೀರಾ. ನಿಮಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಇರಲಿಲ್ಲ.

ಇದನ್ನು ಓದಿದ ಮೇಲೆ 'ಆತುರಗಾರ' ಎಂಬ ಪದ ನನಗೇ ಚುಚ್ಚಿತು. ಆದರೆ ನಿಮ್ಮ ಪತ್ರದ ಎಲ್ಲ ಮಾತಿಗೂ ನಾನು ತಲೆದೂಗಲಾರೆ. ಎಲ್ಲಿ ಒಪ್ಪುತ್ತೇನೆ, ಎಲ್ಲಿ ಇಲ್ಲ, ಬಿಚ್ಚಿ ಹೇಳುತ್ತೇನೆ.

ಒಪ್ಪದ್ದು ಮೊದಲು. ಎಲ್ಲವನ್ನೂ ಒಂದೇ ದಿನ ತೆಗೆದಿದ್ದರೆ ಏನಾಗುತ್ತಿತ್ತು, ಸುಮ್ನೆ ಹೆದರಿಸಿದರು ಅಂತೀರಿ. ಸುಮ್ನೆ ಅಲ್ಲ. 2020ರ ಏಪ್ರಿಲ್‌ನಲ್ಲಿ ಜರ್ಮನಿಯ ಆಗಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಪತ್ರಕರ್ತರ ಮುಂದೆ ಕೂತು ಒಂದು ಲೆಕ್ಕ ಹೇಳಿದರು. ಅವರು ವಿಜ್ಞಾನ ಓದಿದವರು, ಸಂಶೋಧನೆ ಮಾಡಿ ರಾಜಕೀಯಕ್ಕೆ ಬಂದವರು. ಸೋಂಕಿರುವ ಒಬ್ಬರಿಂದ ಸರಾಸರಿ ಒಬ್ಬರಿಗೆ ಅಂಟಿದರೆ ಸಂಖ್ಯೆ ಇದ್ದಲ್ಲೇ ಇರುತ್ತದೆ. ಅದು 1.1 ಆದರೆ ಅಕ್ಟೋಬರ್‌ಗೆ ಆಸ್ಪತ್ರೆಗಳು ತುಂಬುತ್ತವೆ. 1.2 ಆದರೆ ಜುಲೈಗೆ. 1.3 ಆದರೆ ಜೂನ್‌ಗೇ. ಕೂದಲೆಳೆಯಷ್ಟು ವ್ಯತ್ಯಾಸ, ನಾಲ್ಕು ತಿಂಗಳ ಅಂತರ. ಇದನ್ನು ಅಷ್ಟು ಸರಳವಾಗಿ ಹೇಳಿದ ಇನ್ನೊಬ್ಬ ನಾಯಕರು ನನಗೆ ನೆನಪಿಲ್ಲ.

ಇನ್ನೊಂದು ತೊಡಕೂ ಇತ್ತು. ಇವತ್ತು ಸೋಂಕು ತಗುಲಿದರೆ ಕೆಮ್ಮು, ಜ್ವರ ಕಾಣಲು ಸುಮಾರು ಐದು ದಿನ. ಜಾಸ್ತಿಯಾಗಿ ಆಸ್ಪತ್ರೆ ಸೇರಲು ಇನ್ನೊಂದು ವಾರ. ಸಾವು ಅದಕ್ಕೂ ಆಮೇಲೆ. ಅಂದರೆ ಬೆಳಿಗ್ಗೆ ನಾವು ಓದುತ್ತಿದ್ದ ಸಂಖ್ಯೆ ಆ ದಿನದ್ದಲ್ಲ, ಎರಡು ಮೂರು ವಾರ ಹಳೆಯದು. ಸೋಮವಾರ ಶಾಲೆ, ಸಲೂನ್, ಚಿತ್ರಮಂದಿರ ಎಲ್ಲ ಒಟ್ಟಿಗೆ ತೆಗೆದು, ಮೂರು ವಾರದ ನಂತರ ಸಂಖ್ಯೆ ಏರಿದರೆ, ಏರಿದ್ದು ಯಾವುದರಿಂದ? ಹೇಳಲಾಗದು. ಅದಕ್ಕೇ ಒಂದೊಂದೇ ತೆಗೆದು, ಕಾದು, ನೋಡಿ, ಮುಂದಿನದು ತೆಗೆಯುವುದು. ಹೊರಗೆ ನಿಂತು ಕಾಯುವವರಿಗೆ ಅದು ಸತಾಯಿಸಿದಂತೆ ಕಾಣುವುದು ಸಹಜ.

ತಡೆಯಲಾರದೆ ತೆಗೆದು ಕೈಸುಟ್ಟುಕೊಂಡವರೂ ಇದ್ದಾರೆ. 2021ರ ಜೂನ್ 26ಕ್ಕೆ ನೆದರ್ಲೆಂಡ್ಸ್ ನೈಟ್‌ಕ್ಲಬ್‌ಗಳನ್ನೂ ಸೇರಿಸಿ ಹೆಚ್ಚುಕಡಿಮೆ ಎಲ್ಲ ತೆಗೆಯಿತು. ಎರಡೇ ವಾರದಲ್ಲಿ ಸೋಂಕು ಮೇಲಕ್ಕೆ ಹಾರಿತು. ಜುಲೈ 10ಕ್ಕೆ ಕ್ಲಬ್‌ಗಳಿಗೆ ಮತ್ತೆ ಬೀಗ. ಪ್ರಧಾನಿ ಮಾರ್ಕ್ ರುಟ್ಟೆ ತಮ್ಮ ಅಂದಾಜು ತಪ್ಪಿತು ಎಂದು ಕ್ಷಮೆ ಕೇಳಿದರು. ಹಳೆಯ ಕಥೆಯೂ ಒಂದಿದೆ. 1918ರ ಫ್ಲೂ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾಸ್ಕ್ ಕಡ್ಡಾಯವಿತ್ತು. ಆ ವರ್ಷ ನವೆಂಬರ್ 21ರ ಮಧ್ಯಾಹ್ನ ಹನ್ನೆರಡಕ್ಕೆ ಸೀಟಿ ಊದಿದರು. ಜನ ಮುಖದಿಂದ ಮಾಸ್ಕ್ ಕಿತ್ತು ಬೀದಿಗೆಸೆದು ಕುಣಿದರು. ಜನವರಿಯಲ್ಲಿ ಮತ್ತೆ ಕಡ್ಡಾಯವಾಯಿತು. ಆಗ ಹುಟ್ಟಿಕೊಂಡದ್ದು ಮಾಸ್ಕ್ ವಿರೋಧಿ ಸಂಘ. ಮೊದಲ ಸಲ ಗೊಣಗಿಕೊಂಡೇ ಹಾಕಿದವರು ಎರಡನೇ ಸಲ ಸಭೆ ಸೇರಿಸಿ ಜಗಳಕ್ಕೆ ನಿಂತರು. ಒಮ್ಮೆ ಬಿಟ್ಟು ಮತ್ತೆ ಕಟ್ಟಿದರೆ ಯಾರಿಗಾದರೂ ಸಿಟ್ಟು ಇಮ್ಮಡಿಯಾಗುತ್ತದೆ, ಅಲ್ವಾ?

ಹಾಗಂತ ಹೆದರಿಕೆ ಹೇಳಿದವರ ಮಾತು ಪ್ರತಿಸಲ ನಿಜವಾಯಿತು ಅಂತಲೂ ಅಲ್ಲ. ಇಂಗ್ಲೆಂಡ್ 2021ರ ಜುಲೈ 19ಕ್ಕೆ ಉಳಿದ ನಿರ್ಬಂಧಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದಾಗ, ದಿನಕ್ಕೆ ಒಂದು ಲಕ್ಷ ಸೋಂಕು ಬರಬಹುದೆಂದು ಅಲ್ಲಿನ ಆರೋಗ್ಯ ಮಂತ್ರಿಯೇ ಹೇಳಿದ್ದರು. ಆ ಬೇಸಿಗೆಯಲ್ಲಿ ಹಾಗಾಗಲಿಲ್ಲ. ಮುಂದಿನ ದಿನಗಳಲ್ಲಿ ಸಂಖ್ಯೆ ಇಳಿಯಿತು. ಲೆಕ್ಕ ಹಾಕುವವರೂ ಮಂಜಿನಲ್ಲೇ ನಡೆಯುತ್ತಿದ್ದರು. ನಾನು ಮಾತ್ರ ಕುರ್ಚಿಯಲ್ಲಿ ಕೂತು, ಎಲ್ಲ ಖಚಿತವಾಗಿ ಗೊತ್ತಿರುವವನ ಹಾಗೆ ಬರೆದೆ.

ಈಗ ಒಪ್ಪುವ ಮಾತಿಗೆ ಬರುತ್ತೇನೆ. ಇದು ಜಾಸ್ತಿ ಇದೆ.

ನಿಮ್ಮಂಥವರ ಅಂಗಡಿ ಯಾಕೆ ಕೊನೆಯ ಸಾಲಿನಲ್ಲಿತ್ತು? ಮುಖದ ಹತ್ತಿರ ನಿಂತು ಮಾಡುವ ಕೆಲಸ ಎಂಬ ಭಯ. ಭಯ ಸುಳ್ಳಲ್ಲ. ಆದರೆ 2020ರ ಮೇ ತಿಂಗಳಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದು ಘಟನೆ ನಡೆಯಿತು. ಸಲೂನ್‌ನಲ್ಲಿ ಇಬ್ಬರು ಕೇಶ ವಿನ್ಯಾಸಕರು ಸೋಂಕಿನ ಲಕ್ಷಣ ಇದ್ದಾಗಲೂ ಕೆಲಸ ಮಾಡಿದ್ದರು. 139 ಗಿರಾಕಿಗಳು ಅವರ ಕೈಗೆ ತಲೆ ಕೊಟ್ಟಿದ್ದರು. ಕೆಲಸದವರೂ ಗಿರಾಕಿಗಳೂ ಮಾಸ್ಕ್ ಹಾಕಿದ್ದರು. ಆ ಗಿರಾಕಿಗಳಲ್ಲಿ ಯಾರಿಗೂ ಲಕ್ಷಣ ಕಾಣಲಿಲ್ಲ. ಪರೀಕ್ಷೆಗೆ ಒಪ್ಪಿದ 67 ಮಂದಿಯೂ ನೆಗೆಟಿವ್. ಒಂದೇ ಅಂಗಡಿಯ ಕಥೆ, ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ, ಇದನ್ನೇ ಸಾಕ್ಷಿ ಎಂದು ಹಿಡಿಯಬೇಡಿ. ಆದರೂ ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಅದೇ ವರ್ಷ ಮಾರ್ಚ್‌ನಲ್ಲಿ ಅದೇ ದೇಶದ ವಾಷಿಂಗ್ಟನ್ ರಾಜ್ಯದಲ್ಲಿ 61 ಜನ ಒಳಾಂಗಣದಲ್ಲಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. ಲಕ್ಷಣ ಇದ್ದವರು ಒಬ್ಬರೇ. ಕಾಯಿಲೆ ಬಿದ್ದವರು, ಖಚಿತವಾದದ್ದೂ ಅನುಮಾನದ್ದೂ ಸೇರಿ, 53. ಇಬ್ಬರು ತೀರಿಕೊಂಡರು.

ರೋಗ ಎರಡು ಕಡೆಯೂ ಅದೇ. ಬೇರೆಯಾಗಿದ್ದು ಮಾಸ್ಕ್, ಕೋಣೆಯ ಗಾಳಿ, ಒಟ್ಟಿಗೆ ಕಳೆದ ಹೊತ್ತು, ಬಾಯಿ ತೆರೆದು ಹಾಡಿದ್ದು. ನಿರ್ಬಂಧಗಳು ಮಾತ್ರ ಅಂಗಡಿಯ ಬೋರ್ಡು ನೋಡಿ ಬಂದವು. ಗಾಳಿ ಆಡುವ ಬಯಲಿನಲ್ಲಿ ಮಕ್ಕಳ ಉಯ್ಯಾಲೆಗೆ ಟೇಪ್ ಸುತ್ತಿದರು. ಕಿಟಕಿಯಿಲ್ಲದ ಕೋಣೆಯೊಳಗೆ ಹೋಗುವವರ ಕೈಗೆ ಸ್ಯಾನಿಟೈಸರ್ ಸುರಿದು ಒಳಗೆ ಬಿಟ್ಟರು. ಮೊದಲ ಒಂದೆರಡು ತಿಂಗಳು ಸರಿ, ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಹಳ ಕಡೆ ನಿಯಮ ಕದಲಲಿಲ್ಲ. ಜನರಿಗೆ ಕಣ್ಣಿರುತ್ತದೆ. ಒಂದು ನಿಯಮಕ್ಕೆ ಅರ್ಥವಿಲ್ಲ ಅನಿಸಿದರೆ ಅರ್ಥವಿರುವ ಹತ್ತನ್ನೂ ಕಡೆಗಣಿಸುತ್ತಾರೆ.

ನಿಯಮ ಮಾಡಿದವರೇ ಮುರಿದರೆ ಇನ್ನೇನು? 2021ರ ಏಪ್ರಿಲ್ 17ರಂದು ಬ್ರಿಟನ್ನಿನ ರಾಣಿ ಎಲಿಜಬೆತ್ ತಮ್ಮ ಗಂಡನ ಅಂತ್ಯಕ್ರಿಯೆಯಲ್ಲಿ ಕಪ್ಪು ಮಾಸ್ಕ್ ಹಾಕಿಕೊಂಡು, ಉದ್ದನೆಯ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. 30ಕ್ಕಿಂತ ಹೆಚ್ಚು ಜನ ಸೇರುವಂತಿರಲಿಲ್ಲ. ಹಿಂದಿನ ರಾತ್ರಿಯೇ ಪ್ರಧಾನಿ ಕಚೇರಿಯ ಸಿಬ್ಬಂದಿ ಎರಡು ಬೀಳ್ಕೊಡುಗೆ ಪಾರ್ಟಿ ಮಾಡಿದ್ದರು. ಅದು ಹೊರಬಿದ್ದಾಗ ಪ್ರಧಾನಿ ಕಚೇರಿ ಅರಮನೆಯ ಕ್ಷಮೆ ಕೇಳಬೇಕಾಯಿತು. ಬೇರೊಂದು ಕೂಟಕ್ಕಾಗಿ ಪ್ರಧಾನಿ ಬೋರಿಸ್ ಜಾನ್ಸನ್ ಅವರೇ ಪೊಲೀಸರಿಗೆ ದಂಡ ಕಟ್ಟಿದರು. ತಾಯಿಯನ್ನೋ ತಂದೆಯನ್ನೋ ಫೋನಿನ ಪರದೆಯಲ್ಲೇ ಕಳಿಸಿಕೊಟ್ಟವರು ಇದನ್ನು ನೋಡಿ ಏನಂದುಕೊಂಡಿರಬೇಕು? ಬೇಲಿಯೇ ಎದ್ದು ಹೊಲ ಮೇಯ್ದರೆ ಕಾವಲಿದ್ದವನಿಗೆ ಬುದ್ಧಿ ಹೇಳುವುದು ಹೇಗೆ?

ಆದರೆ ಇದೆಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ನಿಮ್ಮ ಒಂದು ಸಾಲು: "ಮುಚ್ಚಿದ್ದು ಸಿಟ್ಟಲ್ಲ ಸಾರ್, ಕೊನೆ ಹೇಳದೆ ಮುಚ್ಚಿದ್ದು ಸಿಟ್ಟು." ಹೌದು. ಎರಡು ವಾರ ಅಂದರು, ಮತ್ತೆರಡು ವಾರ ಅಂದರು. ಆಮೇಲೆ ವಾರ ಹೇಳುವುದನ್ನೇ ಬಿಟ್ಟರು. ನಿಯಮ ಹಾಕುವಾಗಲೇ ಅದು ಯಾವ ಲೆಕ್ಕ ಮುಟ್ಟಿದಾಗ ಹೋಗುತ್ತದೆ ಎಂದು ಹೇಳಿದ್ದರೆ, ನೀವು ಆ ಲೆಕ್ಕವನ್ನೇ ದಿನಾ ನೋಡಿಕೊಂಡು ಕಾಯುತ್ತಿದ್ದಿರಿ.

ಹಾಗೆ ಹೇಳಿದ್ದೂ ಉಂಟು. 2021ರ ಫೆಬ್ರವರಿಯಲ್ಲಿ ಇಂಗ್ಲೆಂಡ್ ನಾಲ್ಕು ಮೆಟ್ಟಿಲಿನ ದಾರಿ ಹಾಕಿಕೊಂಡಿತು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಕನಿಷ್ಠ ಐದು ವಾರ. ಲಸಿಕೆ ನಡೆಯುತ್ತಿದೆಯೇ, ಕೆಲಸ ಮಾಡುತ್ತಿದೆಯೇ, ಆಸ್ಪತ್ರೆ ತಾಳುತ್ತದೆಯೇ, ಹೊಸ ರೂಪದ ವೈರಸ್ ಬಂದಿದೆಯೇ ಎಂದು ಪ್ರತಿ ಸಲ ನೋಡುವುದು. ಮಾರ್ಚ್ 8ಕ್ಕೆ ಶಾಲೆ, ಏಪ್ರಿಲ್ 12ಕ್ಕೆ ನಿಮ್ಮ ಕಸುಬಿನವರು. ಕೊನೆಯ ಮೆಟ್ಟಿಲು ಜೂನ್ 21ಕ್ಕಿಂತ ಮೊದಲಿಲ್ಲ ಎಂದಿದ್ದರು. ಡೆಲ್ಟಾ ಎಂಬ ಹೊಸ ರೂಪದ ವೈರಸ್ ಬಂತು, ನಾಲ್ಕು ವಾರ ಮುಂದೂಡಿದರು. ಆಗಲೂ ಜನ ಕೂಗಾಡಿದರು. ನಾವು ಷರತ್ತು ಮರೆಯುತ್ತೇವೆ, ತಾರೀಕು ಮಾತ್ರ ಹಿಡಿದುಕೊಳ್ಳುತ್ತೇವೆ. ಇದು ನಮ್ಮ ಕಡೆಯ ದೋಷ ಅನ್ನಿ. ಆದರೂ ಯಾಕೆ ಮುಂದೂಡಿದರು ಎಂದು ಕೇಳಿದವನಿಗೆ ಅಲ್ಲೊಂದು ಉತ್ತರವಿತ್ತು.

ಒಬ್ಬರ ಮಾತು ನಿಮ್ಮ ಪತ್ರದಲ್ಲೂ ಇಲ್ಲ, ನನ್ನ ಬರಹದಲ್ಲೂ ಇರಲಿಲ್ಲ. ನಿಮಗೆ ಉತ್ತರ ಬರೆಯಲು ಹಳೆಯ ಫೈಲ್ ತೆಗೆದಾಗ ಒಂದು ಕಾಗದ ಸಿಕ್ಕಿತು. ಬರೆದಾಕೆಯ ಗಂಡನಿಗೆ ಕಿಡ್ನಿ ಕಸಿ ಆಗಿತ್ತು. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಿರಲು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗಲೇಬೇಕು. ಅಂಥವರ ದೇಹದಲ್ಲಿ ಲಸಿಕೆಯೂ ಅಷ್ಟಾಗಿ ನಾಟುವುದಿಲ್ಲ. "ಎಲ್ಲರ ಬಾಗಿಲು ತೆರೆದ ದಿನ ನಮ್ಮ ಮನೆಗೆ ಚಿಲಕ ಬಿತ್ತು" ಎಂದು ಆಕೆ ಬರೆದಿದ್ದರು. ಬಸ್ಸಿನಲ್ಲಿ ಮಾಸ್ಕ್ ಹಾಕಿದವರು ತಾವಿಬ್ಬರೇ, ಉಳಿದವರು ನೋಡಿ ನಗುತ್ತಿದ್ದರಂತೆ. ನಾವು ಆ ಪತ್ರ ಪ್ರಕಟಿಸಲಿಲ್ಲ. ಜಾಗ ಇರಲಿಲ್ಲ ಎಂದು ಮೇಲೆ ಗುರುತು ಹಾಕಿದೆ. ಅಕ್ಷರ ನನ್ನದೇ.

ಹಾಗಾಗಿ ತೆರೆಯಿರಿ ಎಂದವರು, ಬೇಡ ಎಂದವರು ಎಂದು ಎರಡು ಗುಂಪು ಮಾಡಿ ಒಂದಕ್ಕೆ ಒಳ್ಳೆಯವರೆಂದೂ ಇನ್ನೊಂದಕ್ಕೆ ಸ್ವಾರ್ಥಿಗಳೆಂದೂ ಚೀಟಿ ಅಂಟಿಸಿದ್ದು ನನ್ನ ತಪ್ಪು. ನಿಮಗೆ ಅನ್ನದ ಭಯ, ಆಕೆಗೆ ಗಂಡನ ಉಸಿರಿನ ಭಯ. ಎರಡೂ ಇಲ್ಲದವನು ನಾನೊಬ್ಬನೇ, ತೀರ್ಪು ಕೊಟ್ಟವನೂ ನಾನೇ. ಆ ಸಾಲನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಪತ್ರವನ್ನು ಪೂರ್ತಿ ಹಾಕುತ್ತೀರಾ ಎಂದು ಕೇಳಿದ್ದೀರಿ. ಐದು ಪುಟ ಹಾಕುತ್ತೇವೆ, ಐದನೆಯದನ್ನು ಬಿಟ್ಟು. ಅದರಲ್ಲಿ ರೋಗವೇ ಇರಲಿಲ್ಲ, ಸಂಖ್ಯೆಯೆಲ್ಲ ಕಟ್ಟಿದ್ದು ಎಂದಿದ್ದೀರಿ. 2020 ಮತ್ತು 2021, ಈ ಎರಡೇ ವರ್ಷದಲ್ಲಿ ಜಗತ್ತಿನಾದ್ಯಂತ ಎಂದಿಗಿಂತ ಹೆಚ್ಚಾಗಿ ಸಂಭವಿಸಿದ ಸಾವು ಸುಮಾರು 1 ಕೋಟಿ 49 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ಪುಟ ಮಾತ್ರ ಅಚ್ಚಿಗೆ ಹೋಗುವುದಿಲ್ಲ. ಬೇಕಿದ್ದರೆ ಅದಕ್ಕೂ ಒಂದು ಬೈಗುಳದ ಕಾಗದ ಬರೆಯಿರಿ, ಓದುತ್ತೇನೆ.

ಮೂರನೇ ಪುಟವನ್ನು, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳ ಸಮೇತ, ಒಂದಕ್ಷರ ಮುಟ್ಟದೆ ಹಾಗೇ ಕಳಿಸಿದ್ದೇನೆ. ಆಕೆಯ ಕಾಗದ ಅದರ ಎದುರು ಪುಟದಲ್ಲಿ ಬರುತ್ತದೆ.

ಇಂತಿ,
ಸಂಪಾದಕ