ಪೆಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಎರಡೂ ಕಡೆ ಒಂದೇ ಅಜ್ಜ ಇದ್ದರೆ ಮರಿ ತರಬಹುದೇ?

ನೀವು ನೋಡಿದ ಮರಿಯ ತಂದೆಯ ತಂದೆಯೂ ತಾಯಿಯ ತಂದೆಯೂ ಒಂದೇ ಚಾಂಪಿಯನ್ ನಾಯಿ, ಬ್ರೀಡರ್ ಅದನ್ನು ‘ಲೈನ್ ಬ್ರೀಡಿಂಗ್ (ಒಂದೇ ವಂಶದೊಳಗೆ ಕೂಡಿಸುವುದು), ಒಳ್ಳೆಯದೇ’ ಅನ್ನುತ್ತಿದ್ದಾರೆ, ತರಬಹುದೇ ಎಂದು ಕೇಳಿದ್ದೀರಿ. ನಾನಾದರೆ ತರುವುದಿಲ್ಲ.

ಅಜ್ಜ ಒಬ್ಬನೇ, ಅಜ್ಜಿಯರು ಬೇರೆ ಎಂದರೆ ಆ ಮರಿಯ ಅಪ್ಪ ಅಮ್ಮ ಒಂದೇ ತಂದೆಯ ಮಕ್ಕಳು. ಒಳಸಂಬಂಧದ ಲೆಕ್ಕದಲ್ಲಿ ಅದು ಶೇ. 12.5. ಮರಿಯ ಯಾವ ಜೀನ್ ತೆಗೆದುಕೊಂಡರೂ ಅದರ ಎರಡೂ ಪ್ರತಿಗಳು ಆ ಅಜ್ಜನ ಒಂದೇ ಪ್ರತಿಯಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಒಂಟಿ ಪ್ರತಿಯಲ್ಲಿ ಅಡಗಿರುವ ದೋಷ ಚಾಂಪಿಯನ್ ಅಜ್ಜನಲ್ಲಿ ಕಾಣಲಿಲ್ಲ. ಎರಡು ಕೂಡಿದ ಮೊಮ್ಮಗನಲ್ಲಿ ಕಾಣುತ್ತದೆ. ತಳಿನಾಯಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನೆಲ್ ಕ್ಲಬ್ 2009ರಲ್ಲಿ ತಂದೆ-ಮಗಳು, ತಾಯಿ-ಮಗ, ಒಂದೇ ತಂದೆ-ತಾಯಿಗೆ ಹುಟ್ಟಿದ ಒಡಹುಟ್ಟಿದವರ ಮರಿಗಳ ನೋಂದಣಿ ನಿಲ್ಲಿಸಿತು. ನಿಮ್ಮ ಮರಿಯಂಥದ್ದು ಆ ನಿಷೇಧದೊಳಗೂ ಬರುವುದಿಲ್ಲ. ಹಾಗಾಗಿ ನೋಂದಣಿ ಆಗಿದೆ ಅನ್ನುವುದೇ ಧೈರ್ಯ ಕೊಡಬಾರದು.

ನಾನು ಸಾಕಿದ ಗಂಡು ಡಾಲ್ಮೇಷನ್‌ಗೂ ಸರ್ಟಿಫಿಕೇಟ್ ಇತ್ತು. ಐದನೇ ವರ್ಷದಲ್ಲಿ ಮೂತ್ರ ಕಟ್ಟಿತು. ಕಾಲೆತ್ತಿ ನಿಂತೇ ಇರುತ್ತಿದ್ದ, ಹನಿ ಬರುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದ. ಆಪರೇಷನ್ ಮಾಡಿಸಿ ಕಲ್ಲು ತೆಗೆಸಿದೆವು. ಆ ತಳಿಯಲ್ಲಿ ಮೂತ್ರದಲ್ಲಿ ಕಲ್ಲು ಕಟ್ಟಿಸಬಲ್ಲ ಯೂರಿಕ್ ಆಮ್ಲದ ದೋಷ ಹೆಚ್ಚುಕಡಿಮೆ ಪ್ರತಿ ನಾಯಿಗೂ ಇದೆ ಎಂದು ನನಗೆ ಗೊತ್ತಾದದ್ದು ಆಗ. ಹೊರಗಿನ ರಕ್ತಕ್ಕೆ ಬಾಗಿಲು ಮುಚ್ಚಿದ ನೋಂದಣಿ ಪುಸ್ತಕದೊಳಗೆ ಸರಿಯಾದ ಜೀನೇ ಕಳೆದುಹೋಗಿತ್ತು. ಅದನ್ನು ವಾಪಸು ತರಲು ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ 1973ರಲ್ಲಿ ಡಾಲ್ಮೇಷನ್‌ಗೆ ಒಂದೇ ಒಂದು ಸಲ ಪಾಯಿಂಟರ್ ಎಂಬ ಬೇರೆ ತಳಿಯ ನಾಯಿ ಕೂಡಿಸಿದರು. ಆಮೇಲೆ ಪ್ರತಿ ತಲೆಮಾರೂ ಡಾಲ್ಮೇಷನ್ ಜೊತೆಗೇ. ಆ ವಂಶದ ಎರಡು ನಾಯಿಗಳನ್ನು ಅಮೆರಿಕನ್ ಕೆನೆಲ್ ಕ್ಲಬ್ 1981ರಲ್ಲಿ ನೋಂದಾಯಿಸಿತು. ತಳಿಪ್ರಿಯರಿಂದ ವಿರೋಧ ಬಂತು, ನೋಂದಣಿ ನಿಂತಿತು. ಮತ್ತೆ ಒಪ್ಪಿದ್ದು 2011ರಲ್ಲಿ. ನೋಡಲು ಅಪ್ಪಟ ಡಾಲ್ಮೇಷನ್, ಕಲ್ಲಿನ ಕಾಟವಿಲ್ಲದ ನಾಯಿ. ಅದಕ್ಕೆ ಕಾಗದ ಸಿಗಲು ಮೂವತ್ತು ವರ್ಷ! ನನಗೆ ಇವತ್ತಿಗೂ ಇದು ಅರಗುವುದಿಲ್ಲ.

ಬೇರೆ ಮರಿ ನೋಡುವಾಗ ಒಳಸಂಬಂಧದ ಶೇಕಡಾವಾರು ಕೇಳಿ, ಎಷ್ಟು ತಲೆಮಾರಿನ ಮೇಲೆ ಲೆಕ್ಕ ಹಾಕಿದ್ದು ಅಂತಲೂ ಕೇಳಿ. ಮೂರು ತಲೆಮಾರಿನಲ್ಲಿ ಸೊನ್ನೆ ಬಂದದ್ದು ಹತ್ತು ತಲೆಮಾರಿಗೆ ಹೋದಾಗ ಎಷ್ಟೋ ಏರಬಹುದು. ಆ ತಳಿಗೆ ಇರುವ ಡಿಎನ್‌ಎ ಪರೀಕ್ಷೆಗಳು ಯಾವುವು ಎಂದು ಮೊದಲೇ ತಿಳಿದುಕೊಂಡು ಹೋಗಿ, ಅಪ್ಪ ಅಮ್ಮ ಎರಡರದ್ದೂ ರಿಪೋರ್ಟ್ ಕೈಗೆ ತೆಗೆದುಕೊಂಡು ಓದಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ, ಮರಿ ಎಷ್ಟೇ ಮುದ್ದಾಗಿದ್ದರೂ.