ಬಿಸಿಲು ಬಂದ ಮೇಲಿನ ಹಿಮ

ಹುಬ್ಬಳ್ಳಿಯ ಅಕ್ಕಾವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಮಗ ಜನವರಿಯಲ್ಲಿ ಮೂವರು ಗೆಳೆಯರ ಜೊತೆ ಮನಾಲಿ ಕಡೆಯ ಬೆಟ್ಟಕ್ಕೆ ಹೊರಟಿದ್ದಾನೆ. ಗೈಡ್ ಇಲ್ಲ, ಸ್ವಂತ ಟೆಂಟು. ನೀವು ಹೆದರಿದರೆ ಅವನ ಮಾತು ಇಷ್ಟು: "ಹಿಮಪಾತ ನಿಂತು ಬಿಸಿಲು ಬಂದ ಮೇಲೇ ಹತ್ತುತ್ತೇವೆ. ಏನಾದ್ರೂ ಆದರೆ ಹೆಲಿಕಾಪ್ಟರ್ ಬರುತ್ತೆ. ನಮ್ಮ ಜಿಲ್ಲೆಯವರೇ ಹನುಮಂತಪ್ಪ ಕೊಪ್ಪದ, ಆರು ದಿನ ಹಿಮದಡಿ ಬದುಕಿರಲಿಲ್ವಾ?" ಅವನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ.

ಮೊದಲು ಒಂದು ಪದದ ವಿಷಯ. ಇದರಲ್ಲಿ ಪತ್ರಿಕೆಯವರಾದ ನಮ್ಮ ತಪ್ಪೂ ಇದೆ. ಆಕಾಶದಿಂದ ಹಿಮ ಉದುರಿದರೂ ಹಿಮಪಾತ ಅಂತೀವಿ, ಬೆಟ್ಟದ ಮೈಯಿಂದ ಹಿಮ ಜಾರಿ ಬಂದರೂ ಹಿಮಪಾತ ಅಂತಲೇ ಬರೆಯುತ್ತೇವೆ. ಎರಡನೆಯದನ್ನು ಹಿಮಕುಸಿತ ಅನ್ನೋಣ. ಹಿಮ ಬೀಳೋದು ನಿಂತಿತು ಅಂದರೆ ಕುಸಿತದ ಭಯ ಮುಗಿಯಿತು ಅಂತಲ್ಲ. ಜೋರಾಗಿ ಹಿಮ ಬಿದ್ದ ನಂತರದ ಒಂದೆರಡು ದಿನವೇ ಅಪಾಯ ಜಾಸ್ತಿ. ಆಗಲೇ ಬಿಸಿಲೂ ಬಂದಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಎಲ್ಲರಿಗೂ ಹೊರಡುವ ಉಮೇದು.

ಯಾಕೆ ಹೀಗೆ ಅನ್ನೋದನ್ನು ನಿಮ್ಮ ಅಡುಗೆಮನೆಯಲ್ಲೇ ಅವನಿಗೆ ತೋರಿಸಬಹುದು. ಒಂದು ತಾಟಿನಲ್ಲಿ ಸಕ್ಕರೆಯನ್ನು ತೆಳ್ಳಗೆ ಹರಡಿ. ಮೇಲೆ ಒಂದು ಖಡಕ್ ರೊಟ್ಟಿ ಇಟ್ಟು ತಾಟನ್ನು ನಿಧಾನಕ್ಕೆ ಓರೆ ಮಾಡಿ. ಸ್ವಲ್ಪ ಹೊತ್ತು ರೊಟ್ಟಿ ಅಲ್ಲಾಡುವುದಿಲ್ಲ. ಆಮೇಲೆ ಬೆರಳಿನಿಂದ ಮೆಲ್ಲಗೆ ಒತ್ತಿದರೂ ಸಾಕು, ಇಡೀ ರೊಟ್ಟಿ ಜರ್ರನೆ ಜಾರುತ್ತದೆ. ಬೆಟ್ಟದ ಹಿಮವೂ ಪದರ ಪದರವಾಗಿ ಕೂತಿರುತ್ತದೆ. ಚಳಿಗಾಲದ ಶುರುವಿನಲ್ಲಿ ತೆಳ್ಳಗೆ ಬಿದ್ದ ಹಿಮಕ್ಕೆ ಕೆಳಗಿಂದ ನೆಲದ ಬಿಸಿ, ಮೇಲಿಂದ ಕೊರೆಯುವ ಚಳಿ. ವಾರಗಟ್ಟಲೆ ಹೀಗಿದ್ದರೆ ಆ ಪದರ ಸಕ್ಕರೆ ಹರಳಿನ ಹಾಗಾಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಹೊಸ ಹಿಮ ಬಿದ್ದು, ಗಾಳಿ ಇನ್ನಷ್ಟು ತಂದು ಪೇರಿಸಿ, ಗಟ್ಟಿ ಹಲಗೆಯಾಗುತ್ತದೆ. ಒತ್ತುವ ಬೆರಳು ಮನುಷ್ಯನ ಕಾಲು. ಯುರೋಪ್, ಅಮೆರಿಕದಲ್ಲಿ ಸ್ಕೀ ಮಾಡಲು, ಬೆಟ್ಟ ಹತ್ತಲು ಹೋಗಿ ಸತ್ತವರ ಲೆಕ್ಕ ತೆಗೆದರೆ, ಹತ್ತರಲ್ಲಿ ಒಂಬತ್ತು ಕುಸಿತಗಳನ್ನು ಎಬ್ಬಿಸಿದ್ದು ಅವರೇ, ಇಲ್ಲವೇ ಜೊತೆಗಿದ್ದವರೇ.

ನನಗೆ ಇದರಲ್ಲೇ ಧೈರ್ಯವೂ ಕಾಣುತ್ತದೆ. ಹಣೆಬರಹ ಅಂತ ಕೈಚೆಲ್ಲಬೇಕಿಲ್ಲ. ಎಲ್ಲಿ ಕಾಲಿಡಬೇಕು ಅನ್ನೋದು ನಮ್ಮ ಕೈಯಲ್ಲಿದೆ. ಇಂಥ ಕುಸಿತ ಹೆಚ್ಚಾಗಿ ಶುರುವಾಗೋದು 30ರಿಂದ 45 ಡಿಗ್ರಿ ಓರೆಯಿರುವ ಕಡೆ. ಮನೆಯ ಮೆಟ್ಟಿಲು ಸುಮಾರು 30 ಡಿಗ್ರಿ ಇರುತ್ತದೆ, ಅದನ್ನು ನೆನಪಿಟ್ಟುಕೊಳ್ಳಲಿ. ತಾನು ನಿಂತ ಜಾಗ ಸಪಾಟಾಗಿದ್ದರೆ ಸಾಲದು, ತಲೆಯ ಮೇಲಿನ ಇಳಿಜಾರನ್ನೂ ನೋಡಬೇಕು. ಟೆಂಟ್ ಹಾಕುವಾಗಲಂತೂ ಖಂಡಿತ. ನಡೆಯುವಾಗ ಕಾಲಡಿ "ಧಬ್" ಅಂತ ಒಳಗೆಲ್ಲೋ ಕುಸಿದ ಸದ್ದು ಬಂದರೆ, ಹೆಜ್ಜೆಯಿಂದ ಬಿರುಕು ಸರ್ರನೆ ಓಡಿದರೆ, ಓರೆ ಜಾಗ ಬಿಟ್ಟು ವಾಪಸ್ ಬರಬೇಕು. ಆಗ ಚರ್ಚೆ ಮಾಡುತ್ತಾ ನಿಲ್ಲಬಾರದು.

ಇನ್ನು ಹನುಮಂತಪ್ಪನವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಹನುಮಂತಪ್ಪನವರು ಜೀವಂತ ಸಿಕ್ಕಾಗ ಇಡೀ ನಾಡು ಉಸಿರು ಬಿಗಿಹಿಡಿದು ಕಾದಿತ್ತು. ಅವರಿದ್ದ ಟೆಂಟಿನೊಳಗೆ ಒಂದಿಷ್ಟು ಗಾಳಿ ಉಳಿದಿತ್ತು. ಆದರೂ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಉಳಿದ ಒಂಬತ್ತು ಜನರಲ್ಲಿ ಒಬ್ಬರೂ ಬದುಕಲಿಲ್ಲ. ಅವರ ಊರಾದ ಬೆಟದೂರಿನ ಆ ಮನೆಯವರನ್ನು ನೆನೆದರೆ, ಈ ಹೆಸರನ್ನು ಧೈರ್ಯ ಹೇಳಿಕೊಳ್ಳಲು ಬಳಸೋದು ನನಗೆ ಸರಿ ಅನಿಸುವುದಿಲ್ಲ.

ಸಾಮಾನ್ಯವಾಗಿ ನಡೆಯೋದು ಬೇರೆ. ಜಾರುವಾಗ ನೀರಿನಂತೆ ಹರಿಯುವ ಹಿಮ, ನಿಂತ ಕೂಡಲೇ ಸಿಮೆಂಟಿನ ಹಾಗೆ ಬಿಗಿಯುತ್ತದೆ. ಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ಬಿಟ್ಟ ಉಸಿರೇ ಮುಖದ ಸುತ್ತ ಮಂಜುಗಡ್ಡೆಯಾಗುತ್ತದೆ. ಹತ್ತು ಹದಿನೈದು ನಿಮಿಷದೊಳಗೆ ಅಗೆದು ತೆಗೆದರೆ ಹೆಚ್ಚಿನವರು ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿದರೆ ದೊಡ್ಡದು. ಅಷ್ಟರಲ್ಲಿ ಯಾವ ಹೆಲಿಕಾಪ್ಟರ್ ಬರುತ್ತದೆ ಹೇಳಿ? ಬರಬೇಕಾದವರು ಪಕ್ಕದಲ್ಲಿದ್ದ ಗೆಳೆಯರೇ. ಅದಕ್ಕೆ ನಾಲ್ವರ ಮೈಮೇಲೂ ಸಂಕೇತ ಕಳಿಸುವ ಬೀಕನ್, ಚೀಲದಲ್ಲಿ ಹಿಮ ಚುಚ್ಚಿ ನೋಡುವ ಉದ್ದನೆ ಕೋಲು, ಸಲಿಕೆ ಇರಬೇಕು. ಅವನ್ನು ಬಳಸಿ ಮೊದಲೇ ಹುಡುಕಿ, ಅಗೆದು ರೂಢಿಯಾಗಿರಬೇಕು. ಈ ಕೆಲಸ ಮೊಬೈಲಿನಿಂದ ಆಗುವುದಿಲ್ಲ.

ಪಳಗಿದವರೂ ಸಿಕ್ಕಿಬೀಳುತ್ತಾರೆ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾದಲ್ಲಿ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತಂಡ ಕುಸಿತಕ್ಕೆ ಸಿಲುಕಿತು. ತರಬೇತಿ ಕೊಡುವವರೂ ಸೇರಿ 29 ಜನರನ್ನು ಕಳೆದುಕೊಂಡೆವು, ಕರ್ನಾಟಕದ ಹುಡುಗರೂ ಅದರಲ್ಲಿದ್ದರು.

ಹೋಗಬೇಡ ಅಂತ ಹಟ ಹಿಡಿಯಬೇಡಿ, ಹೇಳದೆ ಹೋದಾನು. ಮನಾಲಿಯಲ್ಲಿ ಹಿಮದ ಮೇಲೇ ಬೆಳೆದ ಗೈಡ್‌ಗಳಿದ್ದಾರೆ, ಒಬ್ಬರನ್ನು ಜೊತೆಗೆ ಕರೆದುಕೊಳ್ಳಲಿ. ಡಿಆರ್‌ಡಿಒಗೆ ಸೇರಿದ ಡಿಜಿಆರ್‌ಇ ಸಂಸ್ಥೆ ಚಳಿಗಾಲದಲ್ಲಿ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅದನ್ನು ದಿನಾ ನೋಡಲಿ. ಜೋರು ಹಿಮ ಬಿದ್ದರೆ ಎರಡು ದಿನ ಊರಲ್ಲೇ ಕೂತು ಚಹಾ ಕುಡಿಯಲಿ. ಆ ಎರಡು ದಿನಕ್ಕೆ ರಜೆ, ದುಡ್ಡು ಎರಡನ್ನೂ ಈಗಲೇ ಎತ್ತಿಡಲಿ. ವಾಪಸ್ ರೈಲಿನ ಟಿಕೆಟ್ ನಾಳೆಯದು ಅನ್ನುವ ಅವಸರದಲ್ಲೇ ಎಷ್ಟೋ ಜನ ಹತ್ತಬಾರದ ಕಡೆ ಹತ್ತುತ್ತಾರೆ.

ರೊಟ್ಟಿ, ಸಕ್ಕರೆಯ ತಾಟನ್ನು ಅವನ ಕೈಗೇ ಕೊಟ್ಟು ಓರೆ ಮಾಡಿಸಿ. ಏನಂದ ಅಂತ ನನಗೂ ಬರೆಯಿರಿ.

– ಸಂ.