ಕೊಡಗಿನ ದೆವ್ವದ ಮನೆ ಬಿಟ್ಟು ಆ ಕುಟುಂಬ ಯಾಕೆ ಓಡಿಹೋಗುವುದಿಲ್ಲ?

ಬೆಂಗಳೂರಿನಿಂದ ಕೊಡಗಿನ ಹಳೇ ಎಸ್ಟೇಟ್ ಬಂಗ್ಲೆಗೆ ಬಂದ ಗಂಡ, ಹೆಂಡತಿ, ಎರಡು ಮಕ್ಕಳು. ಇವರ ದೆವ್ವದ ಕಾದಂಬರಿಯನ್ನು ಅರವತ್ತು ಪುಟ ಬರೆದಿದ್ದೀರಿ. ಓದಿದವರೆಲ್ಲ ‘ಅಷ್ಟು ಹೆದರಿಕೆಯಾದರೆ ಕಾರು ಹತ್ತಿ ಹೋಗಬಾರದಾ?’ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅವರು ಕೇಳಿದ್ದು ಸರಿಯೇ. ಆದರೆ ಉತ್ತರವನ್ನು ದೆವ್ವದಲ್ಲಿ ಹುಡುಕಬೇಡಿ, ಮನೆಯ ಹಕ್ಕಿನಲ್ಲಿ ಹುಡುಕಿ.

ಬಂಗ್ಲೆ ಬಿಡಿ, ಐನ್‌ಮನೆ ಮಾಡಿ, ಅಂದರೆ ಕೊಡವರ ಮೂಲ ಮನೆ. ಬಂಗ್ಲೆ ಕೊಂಡವನು ಮಾರಿ ಹೋಗಬಹುದು. ಐನ್‌ಮನೆ ಇಡೀ ಒಕ್ಕದ್ದು (ಒಂದೇ ಮೂಲದ ಮನೆತನದ್ದು), ಒಬ್ಬನ ಕೈಯಲ್ಲಿಲ್ಲ. ನೆಲ್ಲಕ್ಕಿ ನಡುಬಾಡೆಯ, ಅಂದರೆ ನಡುಮನೆಯ, ತೂಕುದೀಪ ಹಚ್ಚಲು ಯಾರಾದರೂ ಇರಬೇಕು. ನಿಮ್ಮ ನಾಯಕ ಆ ಹೊಣೆ ಹೊತ್ತು ಬಂದವನಾದರೆ, ಹೊರಟುಹೋಗುವುದೆಂದರೆ ಒಕ್ಕದ ಯಜಮಾನ ಪಟ್ಟೇದಾರನ ಎದುರು, ಸುಗ್ಗಿ ಹಬ್ಬ ಪುತ್ತರಿಗೆ ಸೇರುವ ನೆಂಟರೆಲ್ಲರ ಎದುರು ತಲೆ ತಗ್ಗಿಸುವುದು. ಜೊತೆಗೆ ದುಡ್ಡಿನ ತೊಡಕೂ ಇರಲಿ: ಬೆಂಗಳೂರಿನ ಫ್ಲ್ಯಾಟ್ ಮಾರಿ ಆಗಿದೆ, ರೊಬಸ್ಟಾ ಕೊಯ್ದು ಕಾಸು ಕಾಣಬೇಕಾದರೆ ಹೊಸ ವರ್ಷ ಬರಬೇಕು.

ಇಲ್ಲೊಂದು ಎಚ್ಚರಿಕೆ. ಕೈಮಡದ (ಹಿರಿಯರ ಗುಡಿಯ) ಕಾರಣವನನ್ನೇ, ಅಂದರೆ ಒಕ್ಕದ ಮೂಲಪುರುಷನನ್ನೇ, ದೆವ್ವ ಮಾಡಿಬಿಟ್ಟರೆ ಕೊಡಗಿನ ಓದುಗ ಪುಸ್ತಕ ಮುಚ್ಚಿಡುತ್ತಾನೆ. ಕಾರಣವ ಹಿರಿಯ, ಮನೆಯವರು ಮಾಂಸ, ಮದ್ಯ ಎಡೆಯಿಟ್ಟು ಕೈಮುಗಿಯುವುದು ಅವನಿಗೆ. ಅದನ್ನೇ ತಿರುವಾಗಿ ಬಳಸಿ: ಹೆಜ್ಜೆ ಸಪ್ಪಳ ಹಿರಿಯನದು ಅಂತ ಮನೆಯವರು ಹೆದರಿ ಕೈಮಡಕ್ಕೆ ಬೀಗ ಹಾಕುತ್ತಾರೆ. ಅಸಲಿಗೆ ಅವನು ಬೇರೇನನ್ನೋ ಹೊಸ್ತಿಲಾಚೆ ತಡೆದು ನಿಂತಿದ್ದ. ಇದು ಪುಸ್ತಕದ ನಡುಮಧ್ಯಕ್ಕೆ ಬರಲಿ, ಕೊನೆಗೆ ಉಳಿಸಬೇಡಿ.

ಕಾಲ ಕಕ್ಕಡ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಶುಭಕಾರ್ಯ ಇಲ್ಲ, ನೆಂಟರು ಬರುವುದಿಲ್ಲ, ಕರೆಂಟು ದಿನಗಟ್ಟಲೆ ಇರುವುದಿಲ್ಲ. ಗುಡ್ಡ ಕುಸಿದು ದಾರಿ ಮುಚ್ಚಿಸುವುದಾದರೆ ನೋಡಿಕೊಂಡು ಬರೆಯಿರಿ, 2018ರ ಆಗಸ್ಟ್ ಇಲ್ಲಿನವರಿಗೆ ಬರೀ ಕಥೆಯಲ್ಲ. ಕಕ್ಕಡದ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಕುಡಿದರೆ ಮರುದಿನ ಮೂತ್ರ ಕೆಂಪಾಗುತ್ತದೆ. ಅದು ಗೊತ್ತಿಲ್ಲದ ಮಗು ಬಚ್ಚಲಿನಿಂದ ಕಿರುಚಿಕೊಂಡು ಬರಲಿ, ಅಜ್ಜಿ ನಗಲಿ. ಓದುಗ ಹಗುರಾದ ಗಳಿಗೆಯಲ್ಲೇ ನಿಜವಾದದ್ದನ್ನು ಒಳಗೆ ಬಿಡಿ.

ನಂಬದ ಒಬ್ಬ ಪಾತ್ರ ಬೇಕೇ ಬೇಕು. ಅವನಿಗೆ ಗಟ್ಟಿ ವಾದ ಕೊಡಿ. ಮಳೆಗೆ ಕಿಟಕಿ ಬಾಗಿಲು ಮುಚ್ಚಿ ಕೋಣೆಯೊಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ. ತಲೆನೋವು, ಎದೆ ಭಾರ, ಇಲ್ಲದ್ದು ಕಾಣುವುದು, ಕೇಳುವುದು. 1921ರಲ್ಲೇ ಅಮೆರಿಕದ ಕಣ್ಣಿನ ವೈದ್ಯರ ಪತ್ರಿಕೆಯೊಂದರಲ್ಲಿ ಇಂಥ ‘ದೆವ್ವದ ಮನೆ’ಯ ವರದಿ ಬಂದಿತ್ತು, ಕೆಟ್ಟ ಒಲೆಯೇ ಅಲ್ಲಿ ದೆವ್ವ. ನಿಮ್ಮಲ್ಲಿ ಕಿಟಕಿ ತೆರೆದ ಮೇಲೆ ಎಲ್ಲರ ತಲೆನೋವು ಹೋಗಬೇಕು, ಒಂದೇ ಒಂದು ಸದ್ದು ಮಾತ್ರ ಉಳಿಯಬೇಕು. ಈ ವಾದ ಪುಸ್ತಕದ ಮೊದಲ ಮೂರನೇ ಒಂದು ಭಾಗದೊಳಗೆ ಮುಗಿಯಲಿ, ಎಳೆದರೆ ಪತ್ತೇದಾರಿ ಕಥೆಯಾಗುತ್ತದೆ.

ಬರೆಯುವ ಮೊದಲು ಮನೆಯ ನಕ್ಷೆ ಹಾಳೆಯ ಮೇಲೆ ಬಿಡಿಸಿ: ಓಣಿ, ಅಂಗಳ, ಜಗಲಿಯ ಕಂಬಗಳ ನಡುವಿನ ಐಮರ (ಕೂರುವ ಹಲಗೆ), ನಡುಬಾಡೆ, ಕನ್ನಿಕೊಂಬರೆ (ಹಿರಿಯರನ್ನು ಪೂಜಿಸುವ ಕೋಣೆ), ಅಟ್ಟ, ಹೊರಗಿನ ಬಚ್ಚಲು. ಮಲಗುವ ಕೋಣೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಎಷ್ಟು ಬಾಗಿಲು ಅಂತ ಬರೆದಿಡಿ. ನಾಲ್ಕನೇ ಅಧ್ಯಾಯದಲ್ಲಿ ಬಲಕ್ಕಿದ್ದ ಬಾಗಿಲು ಹತ್ತೊಂಬತ್ತರಲ್ಲಿ ಎಡಕ್ಕೆ ಹೋದರೆ ಹೆದರಿಕೆ ಅಲ್ಲೇ ಸತ್ತಿತು. (ಬೇಕೆಂದೇ ಬಾಗಿಲು ಜಾಗ ಬದಲಿಸುವುದಾದರೂ ಮೊದಲು ಮೂರು ಸಲ ಅದು ಸರಿಯಾದ ಜಾಗದಲ್ಲೇ ಇರಬೇಕು.) ಅಟ್ಟದಲ್ಲಿ ಪುನುಗು ಬೆಕ್ಕು ಓಡಾಡಲಿ, ಕಾಡುಕುರಿ ಬೊಗಳಲಿ. ಇವನ್ನೆಲ್ಲ ಮೊದಲೇ ಗುರುತಿಸಿಕೊಟ್ಟರೆ ಗುರುತಿಲ್ಲದ ಸದ್ದಿಗೆ ಬೆಲೆ ಬರುತ್ತದೆ.

ಅಂಥದ್ದೊಂದು ಸದ್ದು ಕೊಡಗಿನಲ್ಲೇ ಸಿಗುತ್ತದೆ. ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ನಡುರಾತ್ರಿ ಒಂದು ಗುಂಡು ಕೇಳಲಿ. ಸುತ್ತ ಯಾವ ಮನೆಯಲ್ಲೂ ಬಸುರಿಯಿಲ್ಲ. ಎರಡನೆಯದನ್ನು ಮಾತ್ರ ಕೊನೆಯ ಅಧ್ಯಾಯದವರೆಗೆ ಹಾರಿಸಬೇಡಿ.